ಲಟ್ಟಣಿಗೆ ಹಿಡಿದ ಹೆಂಡತಿ

ಹಳೆಯ ವ್ಯಂಗ್ಯಚಿತ್ರದ ಕಾರ್ಡುಗಳ ಪ್ರದರ್ಶನಕ್ಕೆ ಬಂದವರೆಲ್ಲ ಒಂದೇ ಕಾರ್ಡಿನ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದಢೂತಿ ಹೆಂಡತಿ ಲಟ್ಟಣಿಗೆ ಎತ್ತಿ ಅಟ್ಟಿಸಿಕೊಂಡು ಬರುತ್ತಿದ್ದಾಳೆ. ಸಣಕಲು ಗಂಡ ಪಂಚೆ ಎತ್ತಿಕೊಂಡು ಓಡುತ್ತಿದ್ದಾನೆ. ಒಂದು ಕಾಲಕ್ಕೆ ಹೊಸದಾಗಿ ಮದುವೆಯಾದವರಿಗೆಲ್ಲ ಗೆಳೆಯರು ಇದೇ ಕಾರ್ಡನ್ನು ಅಂಚೆಗೆ ಹಾಕುತ್ತಿದ್ದರು.

“ನಮ್ಮನೇಲಿ ನಡೆದಿದ್ದನ್ನೇ ಬರೆದೆ ಕಣ್ರೀ. ಕಲ್ಪನೆ ಗಿಲ್ಪನೆ ಏನಿಲ್ಲ,” ಎಂದರು ಆ ಚಿತ್ರ ಬರೆದ ಮುದುಕರು, ಕೊರಳಿನ ಹಾರ ಸರಿಮಾಡಿಕೊಳ್ಳುತ್ತ.

ಜನ ಮತ್ತೆ ಗೊಳ್ಳೆಂದು ನಕ್ಕು, ಪಕ್ಕದಲ್ಲಿದ್ದ ಅವರ ಹೆಂಡತಿ ವನಜಾಕ್ಷಮ್ಮನ ಕಡೆ ತಿರುಗಿದರು. ಆ ನಗುವಿನ ಮುಂದೆ ತಲೆ ತಗ್ಗಿಸುವುದು ಆಕೆಗೆ ರೂಢಿಯಾಗಿ ಹೋಗಿತ್ತು.

ಫೋಟೋದವನು ಎಲ್ಲಿಂದಲೋ ಲಟ್ಟಣಿಗೆ ತಂದು ಆಕೆಯ ಬಲಗೈಗೆ ಕೊಟ್ಟ.

“ಅಮ್ಮಾ, ಕಾರ್ಡಲ್ಲಿರೋ ಥರಾನೇ ಯಜಮಾನ್ರ ಮೇಲೆ ಎತ್ತಿ ಹಿಡೀರಿ. ಇನ್ನೂ ಮೇಲೆ.”

“ಈ ಕೈ ಭುಜದಿಂದ ಮೇಲಕ್ಕೆ ಏಳಲ್ಲಪ್ಪ. ಮುರಿದ ಮೂಳೆ ನೆಟ್ಟಗೆ ಕೂಡಲೇ ಇಲ್ಲ.”

“ಅಯ್ಯೋ, ಜಾರಿ ಬಿದ್ರಾ?”

ವನಜಾಕ್ಷಮ್ಮ ಕಾರ್ಡನ್ನೊಮ್ಮೆ ನೋಡಿದರು, ಗಂಡನನ್ನೊಮ್ಮೆ ನೋಡಿದರು.

“ಅವರು ಹೇಳಿದ್ದು ನಿಜ ಕಣಪ್ಪ. ನಮ್ಮನೇಲಿ ನಡೆದಿದ್ದನ್ನೇ ಬರೆದ್ರು. ಲಟ್ಟಣಿಗೆ ಯಾರ ಕೈಲಿತ್ತು ಅನ್ನೋದೊಂದು ಬಿಟ್ಟು.”