ಗುರಾಣಿ ಹಿಡಿದ ವರ

ರಕ್ಕಸ ಗದೆ ಎತ್ತಿದ. ವೀರೇಂದ್ರ ಗುರಾಣಿ ಸಮೇತ ಪಕ್ಕಕ್ಕೆ ಉರುಳಿದ. ಏಟು ನೇರವಾಗಿ ಹಿಂದಿದ್ದ ‘ನಿಧಾನಿ’ಯ ಮೇಲೆ ಬಿತ್ತು. ಅಲ್ಲಿಗೆ ನಿಧಾನಿ ಸತ್ತದ್ದು ಹನ್ನೊಂದನೆಯ ಸಲ.

“ನೋಡಿದೇನಲೇ ಹೆಂಗ ತಪ್ಪಿಸ್ಕೊಂಡೆ?” ವೀರೇಂದ್ರ ಮೈಕಿನಲ್ಲಿ ಕೇಳಿದ. ಸತ್ತವರನ್ನು ಕೇಳುವ ಪ್ರಶ್ನೆಯೇ ಇದು?

ನಿಧಾನಿ ಎಂದೂ ಬಾಯಿಬಿಟ್ಟು ಮಾತಾಡಿದ್ದಿಲ್ಲ. ಟೈಪ್ ಮಾಡುವುದಷ್ಟೇ. ಪರದೆಯ ಮೇಲೆ ಉತ್ತರ ಮೂಡಿತು: “ಇವತ್ತೊಂದ ಸಲ ಉರುಳಬ್ಯಾಡ್ರಿ, ನಿಂದರ್ರಿ ಅಂದಿದ್ದೆ.”

ವೀರೇಂದ್ರನಿಗೆ ಮೂವತ್ತಮೂರು ವರ್ಷ. ರಾಣೇಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಆನ್‌ಲೈನ್ ಯುದ್ಧದ ಆಟವೊಂದರಲ್ಲಿ ಆರು ಜನರ ತಂಡಕ್ಕೆ ನಾಯಕ. ಆ ಆಟದಲ್ಲಿ ಗುರಾಣಿಯವನು ಮುಂದೆ ನಿಂತು ಏಟು ತಿನ್ನಬೇಕು, ವೈದ್ಯನ ಪಾತ್ರದವರು ಹಿಂದೆ ನಿಂತು ಗಾಯ ವಾಸಿ ಮಾಡಬೇಕು. ಈ ತಂಡದಲ್ಲಿ ಗುರಾಣಿ ವೀರೇಂದ್ರನದು, ಏಟು ಮಾತ್ರ ವೈದ್ಯರದು. ಅದಕ್ಕೇ ಅವನ ತಂಡದಲ್ಲಿ ವೈದ್ಯರು ನಿಲ್ಲುತ್ತಿರಲಿಲ್ಲ. ನಿಧಾನಿ ಒಬ್ಬರೇ ಮೂರು ತಿಂಗಳಿಂದ ಅದು ಹೇಗೋ ಅಂಟಿಕೊಂಡಿದ್ದರು.

ಸಾಯುವ ನಡುನಡುವೆ ಚರ್ಚೆಯೂ ನಡೆಯುತ್ತಿತ್ತು.

“ಪಾಳಿ ಹಚ್ಚಿ ಹೊಡಿಯೂ ಆಟಾನೂ ಆಡಿ ನೋಡೇನ್ರಿ,” ಎಂದು ನಿಧಾನಿ ಒಮ್ಮೆ ಬರೆದರು. “ಅದ್ರಾಗ ಗುರಾಣ್ಯಾಂವಗ ಓಡಾಕ ಬರೂದಿಲ್ಲ. ವೈರಿ ಪಾಳಿ ಬಂದಾಗ ನಿಂತು ತಿನ್ನಬೇಕು. ಹಿಂದಿನವರು ಉಳೀತಾರ.”

“ಅದು ರೇಷನ್ ಅಂಗಡಿಲೇ, ಯುದ್ಧಲ್ಲ! ನಾ ಒಂದು ಹೊಡದೆ, ನೀ ಒಂದು ಹೊಡಿ, ನಡುವ ಚಹಾ ಕುಡಿ! ಇದ್ರಾಗ ನೋಡು, ಬೆರಳು ಲಗೂ ಓಡಿದಾಂವ ಬದುಕ್ತಾನ.”

“ಹಿಂದ ನಿಂತವರ ಗತಿ?”

“ಅವರೂ ಉರುಳಬೇಕಪಾ. ಖರೇ ಹೇಳ್ತೇನಿ, ಜೀವನದಾಗೂ ನಂದು ಇದ ಸ್ಟೈಲ್.”

ಆಡುವ ಶೈಲಿ ನೋಡಿ ಮನುಷ್ಯರನ್ನು ಅಳೆಯಬಲ್ಲೆ ಎಂಬುದು ವೀರೇಂದ್ರನ ಇನ್ನೊಂದು ಹೆಮ್ಮೆ. ಬಿಲ್ಲು ಹಿಡಿದವನು ಅಳುಬುರುಕ, ಎರಡು ಕತ್ತಿಯವನು ಹೆಂಡತಿಗೆ ಹೆದರುವವನು. ನಿಧಾನಿ? ಇಪ್ಪತ್ತರ ನರಪೇತಲ ಕಾಲೇಜು ಹುಡುಗ, ಅನುಮಾನವೇ ಇಲ್ಲ. ಸೋಮವಾರ ಮತ್ತು ಗುರುವಾರ ಆಟಕ್ಕೆ ಬರುವುದಿಲ್ಲ. ಕೇಳಿದರೆ, “ಕೈಗೆ ಎಣ್ಣಿ ಹಚ್ಚೇನ್ರಿ, ಫೋನ್ ಜಾರತೈತಿ” ಎಂಬ ಉತ್ತರ. ಎಣ್ಣೆ ಹಚ್ಚಿಕೊಂಡು ಅಖಾಡಕ್ಕೆ ಇಳಿಯುತ್ತಾನೆ ಎಂದು ತೀರ್ಮಾನಿಸಿ ವೀರೇಂದ್ರ ಅವನಿಗೆ ‘ಕಡ್ಡಿ ಪೈಲ್ವಾನ’ ಎಂದು ಹೆಸರಿಟ್ಟ. ತಂಡ ಒಂದು ವಾರ ನಕ್ಕಿತು.

ಆ ಹನ್ನೊಂದನೆಯ ಸಾವಿನ ದಿನ ಶನಿವಾರ. ಮರುದಿನ ವೀರೇಂದ್ರ ಬ್ಯಾಡಗಿಗೆ ಕನ್ಯಾ ನೋಡಲು ಹೋಗಬೇಕಿತ್ತು. ಈಗಾಗಲೇ ಏಳು ಮನೆಯವರು ‘ಆಮ್ಯಾಲೆ ತಿಳಸ್ತೀವ್ರಿ’ ಎಂದು ಚಹಾ ಕುಡಿಸಿ ಕಳಿಸಿದ್ದರು. ಇದು ಎಂಟನೆಯದು. ಹುಡುಗಿ ಭುವನಾ, ಹಾವೇರಿಯಲ್ಲಿ ಹೈಸ್ಕೂಲ್ ಟೀಚರ್. ಅವಳ ಫೋಟೋ ಗಲ್ಲಾಪೆಟ್ಟಿಗೆಯಲ್ಲಿತ್ತು. ದಿನಕ್ಕೆ ಹತ್ತು ಸಲ ಡ್ರಾಯರ್ ಎಳೆದು ನೋಡುತ್ತಿದ್ದ. ಪಾಪ, ನಿಜವಾಗಿಯೂ ಮನಸ್ಸು ಇಟ್ಟಿದ್ದ.

ದಲ್ಲಾಳಿ ಕೊಟ್ರೇಶ ಸಂಬಂಧ ತಂದು ಮೂರು ತಿಂಗಳಾಗಿತ್ತು. “ಹುಡುಗ ಕುಡಿಯಾಂಗಿಲ್ಲ, ಸೇದಾಂಗಿಲ್ಲ, ಮೊಬೈಲ್‌ನ್ಯಾಗ ಯುದ್ಧ ಆಡ್ತಾನ ಅಷ್ಟ,” ಎಂದು ತಂಡದ ಹೆಸರನ್ನೂ ಸೇರಿಸಿ ಹೊಗಳಿ ಬಂದಿದ್ದ. ಹುಡುಗಿಯ ಮನೆಯವರ ಉತ್ತರ: “ಸುಗ್ಗಿ ಮುಗೀಲಿ. ಅಷ್ಟರಾಗ ಹುಡುಗನ ವಿಚಾರಣಿ ಮಾಡ್ತೀವಿ. ಬರೂದಾದ್ರ ಸೋಮವಾರ, ಗುರುವಾರ ಬ್ಯಾಡ. ಮೆಣಸಿನಕಾಯಿ ಪ್ಯಾಟಿ ಇರ್ತೈತಿ.”

ವಿಚಾರಣೆ ಎಂದರೆ ಓಣಿಯಲ್ಲಿ ಕೇಳುವುದು. ವೀರೇಂದ್ರ ಓಣಿಯನ್ನೇ ಸಿದ್ಧಪಡಿಸಿಟ್ಟ. ಕ್ಷೌರದವನಿಗೆ, ಚಹಾದಂಗಡಿಯವನಿಗೆ, ಗುಡಿಯ ಪೂಜಾರಿಗೆ, ಎಲ್ಲರ ಮೊಬೈಲಿಗೂ ಪುಕ್ಕಟೆ ಗಾಜು ಹಾಕಿಕೊಟ್ಟ. ಹೊಗಳಿಕೆ ಬಾಯಿಪಾಠವಾಯಿತು. ಆದರೆ ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಬ್ಯಾಡಗಿಯವರು ಶುದ್ಧ ಆಲಸಿಗಳು ಎಂದುಕೊಂಡ.

“ನಾಳೆ ಕನ್ಯಾ ನೋಡಾಕ ಹೊಂಟೇನಿ ಪೈಲ್ವಾನ. ಇದೂ ತಪ್ಪಿದ್ರ ನನ್ನ ಕಥಿ ಮುಗೀತು.”

“ಹೋಗಿ ಬರ್ರಿ,” ಎಂದು ಬರೆದು ನಿಧಾನಿ ಆಟದಿಂದ ಹೊರಟರು.

ಭಾನುವಾರ ಬ್ಯಾಡಗಿಯ ಮನೆಯಲ್ಲಿ ಕಾಲಿಟ್ಟಕೂಡಲೇ ವೀರೇಂದ್ರ ಮೂರು ಸಲ ಸೀನಿದ. ಹಿತ್ತಲ ತುಂಬ ಮೆಣಸಿನಕಾಯಿ. ಭುವನಾ ಉಪ್ಪಿಟ್ಟು ತಂದಿಟ್ಟಳು. ಫೋಟೋಕ್ಕಿಂತ ಚೆಂದ ಇದ್ದಳು. ಅಷ್ಟರಲ್ಲೇ ‘ಸೋಮವಾರ, ಗುರುವಾರ ಬ್ಯಾಡ’ ಎಂದದ್ದು ನೆನಪಾಗಿ ಒಂದು ಕೆಟ್ಟ ಅನುಮಾನ ಹೊಳೆಯಿತು.

“ನೀವು... ಮೊಬೈಲ್‌ನ್ಯಾಗ ಆಟ ಆಡ್ತೀರೇನ್ರಿ?”

“ಇಲ್ರಿ. ಶಾಲಿ ಪೇಪರ್ ತಿದ್ದೂದ ಮುಗ್ಯಾಂಗಿಲ್ಲ,” ಎಂದಳು ಭುವನಾ. ಸುಳ್ಳು ಹೇಳುವ ಮುಖ ಅಲ್ಲ. ವೀರೇಂದ್ರ ನೆಮ್ಮದಿಯಿಂದ ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡ.

ತಂದೆ ಗುಡದಪ್ಪ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಳಿಕೆ, ಹೊಲ, ಜಾತಕ, ಊಹೂಂ. ಇದು ಶುಭಲಕ್ಷಣ ಎಂದು ವೀರೇಂದ್ರ ಜೊತೆಗೆ ಬಂದಿದ್ದ ಕೊಟ್ರೇಶನತ್ತ ಕಣ್ಣು ಹೊಡೆದ. ಎದ್ದು ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಫಕ್ಕೀರವ್ವನ ಕಾಲಿಗೆ ಬಾಗಿದ. ಆಶೀರ್ವಾದಕ್ಕೆ ಎತ್ತಿದ ಕೈಯನ್ನು ಆಕೆ ಹಿಂದಕ್ಕೆಳೆದುಕೊಂಡಳು.

“ತಲೀಗೆ ಮುಟ್ಟಾಂಗಿಲ್ರಿ. ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿಯಾಕತ್ತೈತಿ. ಎಷ್ಟ ಎಣ್ಣಿ ಹಚ್ಚಿದ್ರೂ ಖಾರ ಹೋಗೂದಿಲ್ಲ.”

“ನೀ ಏನಂತಿ?” ಗುಡದಪ್ಪ ಹೆಂಡತಿಯನ್ನು ಕೇಳಿದ. “ವಿಚಾರಣಿ ಮಾಡಿದಾಕಿ ನೀನ.”

ಫಕ್ಕೀರವ್ವ ಸೆರಗಿಗೆ ಕೈ ಒರೆಸಿಕೊಂಡಳು. “ಬೆರಳು ಭಾಳ ಲಗೂ ಓಡ್ತಾವರಿ ಇವರವು. ಆದ್ರ ಇವರ ಹಿಂದ ಮಗಳನ್ನ ನಿಲ್ಲಿಸಾಕ ನನಗ ಧೈರ್ಯಿಲ್ಲ. ಅಲ್ಲಿ ನಿಂತು ನಾನ ಹನ್ನೊಂದು ಸಲ ಸತ್ತೇನಿ.”