ರೊಟ್ಟಿ ಬಡಿಯುವ ಸಪ್ಪಳ

"ಇಲ್ಲಿ ಧಂದೆ ಅನ್ನೂದು ಎಲ್ಲೈತ್ರೀ ಶಿವಲಿಂಗವ್ವ?" ಎಂದ ಪದ್ಮಾಕರ ಸಾಹೇಬರು ಸಹಾಯಧನದ ಅರ್ಜಿಯ ಮೇಲೆ ಪೆನ್ನು ಊರಿಯೇ ಬಿಟ್ಟಿದ್ದರು. ರೊಟ್ಟಿ ಮಾಡಿ ಮಾರಲು ದೊಡ್ಡದೊಂದು ಶೆಡ್ ಬೇಕೆಂದು ಕೇಳಿದವಳ ಮನೆಯಲ್ಲಿ ಹಿಟ್ಟಿನ ಕಣವೂ ಕಾಣಲೊಲ್ಲದು. ಬೆಳಗಾವಿಯಿಂದ ಖಾನಾಪುರದ ತನಕ ಸಾಹೇಬರು ಬರುತ್ತಾರೆಂದು ಶಿವಲಿಂಗವ್ವ ಮುಂಜಾನೆಯೇ ಒಲೆ ಸಾರಿಸಿ, ಹಂಚುಗಳನ್ನೆಲ್ಲ ಅಟ್ಟಕ್ಕೇರಿಸಿ, ಜಮಖಾನೆ ಹಾಸಿದ್ದಳು.

"ದೊಡ್ಡವರು ಬರೂ ಹೊತ್ತಿಗೆ ಮನ್ಯಾಗ ಹೊಗಿ ಇರಬಾರದಲ್ರೀ."

"ನಾನೇನು ಕನ್ಯಾ ನೋಡಾಕ ಬಂದೇನೇನ್ ಯವ್ವಾ? ಕಣ್ಣಿಗೆ ಕಂಡದ್ದಷ್ಟ ಬರೀಬೇಕು ನಾ. ಏನೂ ಕಾಣಲಿಲ್ಲಂದ್ರ 'ಇಲ್ಲ' ಅಂತ ಬರೀತೀನಿ. ಅಲ್ಲಿಗೆ ನಿಮ್ಮ ಶೆಡ್ಡೂ ಇಲ್ಲ."

ಅಷ್ಟರಲ್ಲಿ ಪಕ್ಕದ ಮನೆಯಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ಅದರ ಹಿಂದೆಯೇ ಎದುರುಮನೆಯಿಂದ, ಆಮೇಲೆ ಹಿತ್ತಲ ಕಡೆಯಿಂದ. ಶಿವಲಿಂಗವ್ವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ನಮ್ಮ ಹೆಣ್ಮಕ್ಕಳ ರೀ ಸಾಹೇಬ್ರ. ದಿನಾ ಇಲ್ಲೇ ಬಡೀತಾರ. ಇವತ್ತೊಂದಿನ ನಿಮ್ಮ ನಿಮ್ಮ ಮನ್ಯಾಗ ಬಡೀರಿ ಅಂದಿದ್ನಿ. ಬೆಳಗಾವಿ ರವಿವಾರ ಪೇಟಿ ಖಾನಾವಳಿಗೆ ಸಂಜೀಕ ರೊಟ್ಟಿ ಮುಟ್ಟಬೇಕಲ್ರೀ. ತಡೀರಿ, ಸುಮ್ಮನಿರಸಿ ಬರ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಕುಂದರ್ರಿ, ಕುಂದರ್ರಿ!" ಸಾಹೇಬರು ಪೆನ್ನೆತ್ತಿ, ಬಾಗಿಲ ಕಡೆ ಕಿವಿಗೊಟ್ಟು, ಒಂದೊಂದೇ ಬೆರಳು ಮಡಚತೊಡಗಿದರು. "ಬಾಜೂಕ ಒಬ್ಬಾಕಿ... ಎದುರಿಗೆ ಇಬ್ಬರು... ಆ ಹಿತ್ತಲ ಕಡೀದಾಕಿ ಕೈ ಭಾಳ ಜೋರೈತಿ ಬಿಡ್ರಿ. ಆಕಿ ಹೆಸರೇನು? ಮದಲ ಆಕೀದ ಬರಕೋತೀನಿ."