ಗಡೀಪಾರಾದ ಭರಣಿ

ಹೆಂಡತಿಯ ತಮ್ಮ ದೇವಾನಂದನನ್ನು ಕ್ಷಮಿಸುವುದಕ್ಕೆಂದೇ ಹುಲೆಪ್ಪನವರು ಶನಿವಾರ ಜೇವರ್ಗಿಯಿಂದ ಬಸ್ಸು ಹತ್ತಿ ಅಫಜಲಪುರಕ್ಕೆ ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಬೈಬಲ್, ಮುಖದ ಮೇಲೆ ಎರಡು ದಿನ ಕನ್ನಡಿಯ ಮುಂದೆ ನಿಂತು ಕೂಡಿಸಿಕೊಂಡ ದೀನತೆ. ಆಡಬೇಕಾದ ಮಾತನ್ನೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದರು: "ದೇವಾನಂದಾ, ತಪ್ಪು ನಿಂದು, ಖರೆ. ಆದ್ರ ನಾ ದೊಡ್ಡ ಮನಸ್ಸು ಮಾಡೇನಿ."

ಕ್ಷಮಿಸದೆ ಗತಿಯಿರಲಿಲ್ಲ. ಮರುದಿನ ಭಾನುವಾರ ಚರ್ಚಿನ ಸಭೆಯಲ್ಲಿ ಕರ್ತನ ಭೋಜನ, ಎಲ್ಲರೂ ಪವಿತ್ರ ರೊಟ್ಟಿ ತೆಗೆದುಕೊಳ್ಳುವ ದಿನ. ಅಂದೇ ಹೆಂಡತಿ ಮಾರ್ತಾಬಾಯಿ ತೀರಿಹೋಗಿ ಒಂದು ವರ್ಷ. ಮನಸ್ಸಿನಲ್ಲಿ ಹಗೆಯಿಟ್ಟುಕೊಂಡವರು ರೊಟ್ಟಿ ಮುಟ್ಟಬಾರದೆಂದು ಪಾಸ್ಟರು ಪ್ರತಿ ಸಲವೂ ಎಚ್ಚರಿಸುತ್ತಿದ್ದರು. ವರ್ಷವಿಡೀ ಆ ರೊಟ್ಟಿಯ ತಟ್ಟೆ ಹುಲೆಪ್ಪನವರ ಮುಂದೆ ಬಂದು ಹಾಗೇ ಮುಂದಕ್ಕೆ ಹೋಗಿತ್ತು. ಆಕೆಯ ನೆನಪಿನ ದಿನವೂ ಹಾಗೇ ಹೋಗುವುದೆಂದರೆ ಅವರಿಗೆ ಎದೆ ಒಡೆಯುವ ಮಾತು. ಬೀಡಿ ಬಿಟ್ಟಿದ್ದರು, ಸಿಂದಿ ಬಿಟ್ಟಿದ್ದರು, ಇಸ್ಪೀಟು ಬಿಟ್ಟಿದ್ದರು. ಓಣಿಯ ಜನಕ್ಕೆ ಕಾಣುವ ಪಾಪಗಳೆಲ್ಲ ಮುಗಿದಿದ್ದವು. ಉಳಿದದ್ದು ಸಿಟ್ಟೊಂದು. ಅದಕ್ಕೆ ಅವರು ನ್ಯಾಯವೆಂದು ಹೆಸರಿಟ್ಟು ಸಾಕಿಕೊಂಡಿದ್ದರು.

ಆ ಸಿಟ್ಟಿಗೆ ಕಾರಣ ಮಾವಿನ ಉಪ್ಪಿನಕಾಯಿ. ಮಾರ್ತಾಬಾಯಿಗೆ ಕಿಡ್ನಿ ಕೆಟ್ಟು, ಉಪ್ಪು ಮುಟ್ಟಬಾರದೆಂದು ಡಾಕ್ಟರು ಹೇಳಿದ ದಿನವೇ, ಆಕೆ ತನ್ನ ಕೈಯಾರೆ ಹಾಕಿದ್ದ ಭರಣಿಯನ್ನು ಹುಲೆಪ್ಪನವರು ದೇವಾನಂದನ ಮನೆಗೆ ಗಡೀಪಾರು ಮಾಡಿದ್ದರು. "ಆಸೆ ಹುಟ್ಟಿಸುವ ಶೋಧನೆಯನ್ನು ಮನೆಯಿಂದ ಹೊರಗೆ ಹಾಕಿದೆ" ಎಂದು ಸಭೆಯಲ್ಲಿ ಎದ್ದುನಿಂತು ಭಕ್ತಿಯ ಸಾಕ್ಷಿಯನ್ನೂ ಹೇಳಿದ್ದರು. ಆಕೆಗೆ ಮಣ್ಣು ಕೊಡುವ ದಿನ ದೇವಾನಂದ ಎಲ್ಲರ ಮುಂದೆ, "ನಮ್ಮಕ್ಕ ಒಂದು ಹೋಳು ಬೇಡಿ ಬೇಡಿ ಸತ್ಲು. ಈ ಭಕ್ತ ಕೊಡಲಿಲ್ಲ" ಎಂದುಬಿಟ್ಟಿದ್ದ.

ಹುಲೆಪ್ಪನವರು ಹೊಸ್ತಿಲು ದಾಟಿದರೋ ಇಲ್ಲವೋ, ದೇವಾನಂದ ಓಡಿಬಂದು ಎರಡೂ ಕಾಲು ಹಿಡಿದುಕೊಂಡ.

"ಮಾವಾ, ಮಾಫ ಮಾಡ್ರಿ. ತಪ್ಪು ನಂದ."

ಹುಲೆಪ್ಪನವರಿಗೆ ಕಿಸೆಗೆ ಕತ್ತರಿ ಬಿದ್ದಂತಾಯಿತು. ಇಷ್ಟು ದೂರ ಬಸ್ಸಿನಲ್ಲಿ ನಿಂತುಕೊಂಡೇ ಹೊತ್ತು ತಂದ ದೊಡ್ಡ ಮನಸ್ಸನ್ನು ಇನ್ನು ಎಲ್ಲಿ ಇಳಿಸುವುದು?

"ಏಳಲೇ! ಮೊದಲ ನಾ ಹೇಳಾಂವ ಇದ್ದೆ," ಎಂದು ಗದರಿದರು. "ಮಾಫಿ ಕೇಳಾಕೂ ನನಗಿಂತ ಮುಂದ ಓಡಬೇಕೇನು ನಿನಗ?"

"ತಡೀರಿ ಮಾವಾ, ಪೂರಾ ಹೇಳ್ತೇನಿ. ಅಕ್ಕ ಬೇಡಿ ಸತ್ಲು ಅಂದೆನಲ್ಲ, ಅದು ಸುಳ್ಳ. ದವಾಖಾನ್ಯಾಗ ನಾನ ಕೊಟ್ಟೆ. ನೀವು ಪ್ರಾರ್ಥನಾ ಮಾಡಾಕ ಹೊರಗ ಹೋಗಿದ್ರಿ. ಎರಡು ಹೋಳು, ಕಾಗದದಾಗ ಕಟ್ಕೊಂಡು ಒಯ್ದಿದ್ದೆ. ಮೂರನೇ ದಿನಕ್ಕ ಆಕಿ ಹೋದ್ಲು. ನನಗ ಹೆದರಿಕಿ ಆತು. ಅದಕ್ಕ ನಿಮ್ಮ ಮ್ಯಾಲ ಹಾಕಿದೆ."

ನೀರಿನ ತಂಬಿಗೆ ಹಿಡಿದು ಬಂದ ಅವನ ಹೆಂಡತಿ ದ್ರೌಪದಿ ಬಾಗಿಲಲ್ಲೇ ನಿಂತಳು. "ಎರಡು ಹೋಳಿಗೆ ಯಾರೂ ಸಾಯಂಗಿಲ್ಲ ಅಂತ ನಾನು ಡಾಕ್ಟರನ್ನ ಕೇಳ್ಕೊಂಡು ಬಂದೇನಿ ಅಣ್ಣಾ. ಆದ್ರೂ ಇವರಿಗೆ ವರ್ಷಾತು, ನಿದ್ದಿ ಇಲ್ಲ."

ಕೇಳಬೇಕಾದ್ದು, ಬೈಯಬೇಕಾದ್ದು ಹುಲೆಪ್ಪನವರಿಗೆ ಬಹಳವಿತ್ತು. ಬೈಬಲ್ಲನ್ನು ಕಟ್ಟೆಯ ಮೇಲಿಟ್ಟು ಕುಳಿತರು. ಬಾಯಿಗೆ ಬಂದದ್ದು ಬೇರೆಯೇ.

"ತಿಂದು ಏನಂದ್ಲು?"

"ನಕ್ಲು ಮಾವಾ. ಬೆರಳು ನೆಕ್ಕಿ ನಕ್ಲು. 'ನಿಮ್ಮ ಮಾವಗ ಹೇಳಬ್ಯಾಡೋ. ನನ್ನ ಹೆಸರಿಲೆ ಮೂರು ದಿನ ಉಪವಾಸ ಕೂಡ್ತಾರ, ಬರೋ ಐತವಾರ ಅದನ್ನೂ ಸಾಕ್ಷಿ ಹೇಳ್ತಾರ' ಅಂದ್ಲು."

ಕೊನೆಯ ಎರಡು ತಿಂಗಳು ಹುಲೆಪ್ಪನವರು ಆಕೆಯ ಮಗ್ಗುಲು ಬಿಟ್ಟಿರಲಿಲ್ಲ. ಕೀರ್ತನೆ ಓದಿದ್ದರು, ಮಾತ್ರೆ ನುಂಗಿಸಿದ್ದರು, ಉಪ್ಪಿಲ್ಲದ ಗಂಜಿ ಕುಡಿಸಿದ್ದರು. ಆಕೆ ನಕ್ಕದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಸ್ಮಶಾನದಲ್ಲಾದ ಅವಮಾನವನ್ನು ಅವರು ಈಗ ಸುಲಭವಾಗಿ ಕ್ಷಮಿಸಬಲ್ಲವರಾಗಿದ್ದರು. ಈ ನಗುವಿಗೆ ಮಾತ್ರ ಅವರಲ್ಲಿ ಯಾವ ಬಾಯಿಪಾಠವೂ ಇರಲಿಲ್ಲ.

ದ್ರೌಪದಿ ಜೋಳದ ರೊಟ್ಟಿ, ಬೇಳೆಪಲ್ಲೆ ಬಡಿಸಿದಳು. ಭರಣಿ ತಂದಿಟ್ಟು ಅನುಮಾನಿಸುತ್ತ, "ಅಕ್ಕನ ಕೈಯಾಗಿಂದು. ತಳದಾಗ ಇಷ್ಟ ಉಳದದ. ನೀವು ಉಪ್ಪಿನಕಾಯಿ ಬಿಟ್ಟೀರಂತಲ್ಲ?" ಎಂದಳು.

ಬಿಟ್ಟಿದ್ದರು. ಹೆಂಡತಿಯ ಹೆಸರಿನಲ್ಲಿ, ಸಭೆಯ ಎದುರಿಗೆ, ತಾವು ಸಾಯುವ ತನಕ ಎಂದು ಹರಕೆ ಹೊತ್ತು.

"ಹಾಕವ್ವ," ಎಂದರು ಹುಲೆಪ್ಪನವರು. ಸ್ವಲ್ಪ ಹೊತ್ತಿಗೆ, "ಇನ್ನೊಂದು ಹೋಳು" ಎಂದರು.

"ಮತ್ತ, ಮಾಫ ಮಾಡಿದ್ರೇನು ಮಾವಾ?" ದೇವಾನಂದ ಅಂಜುತ್ತ ಕೇಳಿದ.

ಹುಲೆಪ್ಪನವರ ಬಾಯಿ ತುಂಬಿತ್ತು. ತಲೆಯಾಡಿಸಿದರು, ಕಣ್ಣಲ್ಲಿ ಬಂದ ನೀರನ್ನು ಖಾರದ ಮೇಲೆ ಹಾಕಿದರು.

ಭಾನುವಾರ ಪಾಸ್ಟರು ರೊಟ್ಟಿಯ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತ ಹುಲೆಪ್ಪನವರ ಮುಂದೆ ನಿಂತು, ಬಗ್ಗಿ ಮೆಲ್ಲಗೆ ಕೇಳಿದರು.

"ರಾಜಿ ಆಯ್ತೇನ್ರಿ ಹುಲೆಪ್ಪಣ್ಣ?"

"ದೇವಾನಂದಂದು ಆಯ್ತ್ರಿ. ಇನ್ನೊಬ್ರಿಗೆ ನಾ ಮಾಫಿ ಕೇಳೂದು ಉಳದದ."

"ಯಾರಿಗ್ರಿ?"

ಹುಲೆಪ್ಪನವರು ಬಲಗೈ ಎತ್ತಿ, ಕಿಟಕಿಯಾಚೆ ಬೇಲಿಯೊಳಗಿದ್ದ ಗೋರಿಗಳ ಕಡೆ ಬೆರಳು ಮಾಡಿದರು. ಮೂರು ಸಲ ಸೋಪು ಹಚ್ಚಿ ತೊಳೆದರೂ ಹೋಗದ ಉಪ್ಪಿನಕಾಯಿಯ ಅರಿಷಿಣ ಉಗುರಿನ ಸಂದಿನಲ್ಲಿ ಹಾಗೇ ಇತ್ತು.

ಪಾಸ್ಟರು ಗೋರಿ ನೋಡಿದರು, ಬೆರಳು ನೋಡಿದರು. ತಟ್ಟೆಯನ್ನು ಮುಂದಕ್ಕೆ ಒಯ್ಯಲಿಲ್ಲ.